ಫ್ಲಾಪ್‌ನಲ್ಲೇ ಜೋಡಿ ಬಿದ್ದಾಗ: ಪೋಕರ್ ಮೇಜಿನ ಲೆಕ್ಕಾಚಾರ

ಇಸ್ಪೀಟು ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ರಮ್ಮಿ, ಇಪ್ಪತ್ತೆಂಟು ಅಥವಾ ಅಂದರ್-ಬಾಹರ್. ಕಳೆದ ಎರಡು ದಶಕಗಳಲ್ಲಿ ಈ ಪಟ್ಟಿಗೆ ಪೋಕರ್ ಕೂಡ ಸೇರಿದೆ. ಅದು ಅದೃಷ್ಟದ ಆಟವೋ, ಕೌಶಲದ ಆಟವೋ ಎಂಬ ಪ್ರಶ್ನೆ ಹೈಕೋರ್ಟ್ ಮೆಟ್ಟಿಲೇರಿದ್ದು ಮಾತ್ರವಲ್ಲ, ಸಂಸತ್ತನ್ನೂ ತಲುಪಿದೆ. ವಾದ ಪ್ರತಿವಾದಗಳ ಗದ್ದಲದಲ್ಲಿ ಆಟದೊಳಗೆ ನಿಜಕ್ಕೂ ಏನು ನಡೆಯುತ್ತದೆ ಎಂಬುದನ್ನು ನೋಡುವವರು ವಿರಳ. ಪೋಕರ್‌ನ ಒಂದೇ ಒಂದು ಸನ್ನಿವೇಶವನ್ನು ಹಿಡಿದು ಪರಿಶೀಲಿಸಿದರೂ ಅದೃಷ್ಟ ಎಲ್ಲಿ ಮುಗಿಯುತ್ತದೆ, ಲೆಕ್ಕ ಎಲ್ಲಿ ಆರಂಭವಾಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಮೇಜಿನ ಮೇಲೆ ಬೀಳುವ ಮೊದಲ ಮೂರು ಎಲೆಗಳಲ್ಲಿ ಎರಡು ಒಂದೇ ಅಂಕಿಯವಾಗಿರುವ ಸಂದರ್ಭ ಇದಕ್ಕೆ ತಕ್ಕ ಉದಾಹರಣೆ.

ಆಟದ ಸ್ವರೂಪ

ಜಗತ್ತಿನಲ್ಲಿ ಅತಿ ಹೆಚ್ಚು ಪ್ರಚಲಿತವಿರುವ ಪೋಕರ್ ಪ್ರಕಾರ ಟೆಕ್ಸಾಸ್ ಹೋಲ್ಡೆಮ್. ಇದರಲ್ಲಿ ಪ್ರತಿ ಆಟಗಾರನಿಗೂ ಎರಡು ಎಲೆಗಳನ್ನು ಮುಚ್ಚಿ ಕೊಡಲಾಗುತ್ತದೆ. ಮೊದಲ ಸುತ್ತಿನ ಪಣದ ನಂತರ ಮೇಜಿನ ನಡುವೆ ಮೂರು ಎಲೆಗಳನ್ನು ಒಟ್ಟಿಗೆ ತೆರೆಯುತ್ತಾರೆ, ಇದೇ ಫ್ಲಾಪ್. ಬಳಿಕ ಟರ್ನ್ ಎಂಬ ನಾಲ್ಕನೆಯ ಎಲೆ, ಕೊನೆಗೆ ರಿವರ್ ಎಂಬ ಐದನೆಯ ಎಲೆ. ಪ್ರತಿ ಹಂತದಲ್ಲೂ ಪಣ ಕಟ್ಟಲು, ಏರಿಸಲು, ಸರಿಗಟ್ಟಲು ಅಥವಾ ಎಲೆ ಕೆಳಗಿಟ್ಟು ಹಿಂದೆ ಸರಿಯಲು ಅವಕಾಶವಿದೆ. ಕೈಯಲ್ಲಿನ ಎರಡು ಮತ್ತು ಮೇಜಿನ ಐದು, ಹೀಗೆ ಒಟ್ಟು ಏಳರಲ್ಲಿ ಅತ್ಯುತ್ತಮ ಐದೆಲೆ ಯಾರದೋ ಅವರಿಗೆ ನಡುವೆ ಸೇರಿದ ಮೊತ್ತ, ಅಂದರೆ ಪಾಟ್, ಸಲ್ಲುತ್ತದೆ. ಉಳಿದವರೆಲ್ಲ ಹಿಂದೆ ಸರಿದರೆ ಎಲೆ ತೋರಿಸದೆಯೇ ಅದನ್ನು ಗೆಲ್ಲಬಹುದು. ಬ್ಲಫ್ ಎಂಬ ಹುಸಿ ಪಣಕ್ಕೆ ಎಡೆ ಸಿಗುವುದು ಇಲ್ಲಿಯೇ.

52 ಎಲೆಗಳಿಂದ ಮೂರನ್ನು ಆಯ್ದುಕೊಳ್ಳಲು 22,100 ವಿಧಗಳಿವೆ. ಇವುಗಳಲ್ಲಿ ಜೋಡಿ ಇರುವ ಫ್ಲಾಪ್‌ಗಳ ಸಂಖ್ಯೆ 3,744. ಹದಿಮೂರು ಅಂಕಿಗಳು, ಪ್ರತಿ ಅಂಕಿಯ ನಾಲ್ಕು ಎಲೆಗಳಿಂದ ಎರಡನ್ನು ಆರಿಸುವ ಆರು ವಿಧಗಳು, ಜೊತೆಗೆ ಬೇರೆ ಅಂಕಿಯ 48 ಎಲೆಗಳಲ್ಲಿ ಒಂದು. ಇವನ್ನು ಗುಣಿಸಿದರೆ ಈ ಸಂಖ್ಯೆ ದೊರೆಯುತ್ತದೆ. ಅಂದರೆ ಶೇ 17ರಷ್ಟು ಫ್ಲಾಪ್‌ಗಳಲ್ಲಿ, ಹೆಚ್ಚೂ ಕಡಿಮೆ ಪ್ರತಿ ಆರು ಬಾರಿಗೆ ಒಮ್ಮೆ, ಜೋಡಿ ಕಾಣಿಸಿಕೊಳ್ಳುತ್ತದೆ. ಕಡೆಗಣಿಸುವಷ್ಟು ಅಪರೂಪದ ಸನ್ನಿವೇಶ ಇದಲ್ಲ.

ಭಯಕ್ಕೆ ಕಾರಣವಿದೆಯೇ?

ಮೇಜಿನ ಮೇಲೆ ಎರಡು ರಾಜ ಮತ್ತು ಒಂದು ಏಳು ಬಿದ್ದಿವೆ ಎಂದುಕೊಳ್ಳಿ. ಹೊಸ ಆಟಗಾರನಿಗೆ ತಕ್ಷಣ ಕಾಡುವ ಯೋಚನೆ ಒಂದೇ: ಎದುರಾಳಿಯ ಬಳಿ ಮೂರನೆಯ ರಾಜ ಇದ್ದರೆ? ಈ ಭಯವೇ ಅನೇಕರ ಹಣವನ್ನು ಕರಗಿಸುತ್ತದೆ. ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ.

ನಮ್ಮ ಕೈಯಲ್ಲಿ ಎಕ್ಕ ಮತ್ತು ರಾಣಿ ಇವೆ. ನಮ್ಮ ಎರಡು ಮತ್ತು ಮೇಜಿನ ಮೂರು ಎಲೆಗಳನ್ನು ಕಳೆದರೆ ಕಾಣದ ಎಲೆಗಳು 47. ಅವುಗಳಲ್ಲಿ ರಾಜ ಕೇವಲ ಎರಡು. ಎದುರಾಳಿಯ ಯಾವುದೇ ಎರಡೆಲೆಯಲ್ಲಿ ರಾಜ ಇರುವ ಸಾಧ್ಯತೆ ಶೇ 8.4 ಮಾತ್ರ. ರಾಜ ಅಥವಾ ಏಳು, ಯಾವುದಾದರೂ ಒಂದು ಇರುವ ಸಾಧ್ಯತೆ ಶೇ 20ರ ಆಸುಪಾಸು.

ಇದನ್ನು ಜೋಡಿಯಿಲ್ಲದ ಫ್ಲಾಪ್‌ಗೆ ಹೋಲಿಸಿ ನೋಡಬೇಕು. ರಾಜ, ಎಂಟು, ಮೂರು ಬಿದ್ದಿದ್ದರೆ ಎದುರಾಳಿಗೆ ಕೂಡಿಕೊಳ್ಳಬಲ್ಲ ಎಲೆಗಳು ಒಂಬತ್ತು. ಅವುಗಳಲ್ಲಿ ಒಂದಾದರೂ ಅವನ ಬಳಿ ಇರುವ ಸಾಧ್ಯತೆ ಶೇ 35. ಅಂದರೆ ಜೋಡಿ ಬಿದ್ದ ಫ್ಲಾಪ್ ಎದುರಾಳಿಗೆ ನೆರವಾಗುವುದಕ್ಕಿಂತ ನೆರವಾಗದಿರುವುದೇ ಹೆಚ್ಚು. ನೋಡಲು ಭೀಕರ, ವಾಸ್ತವದಲ್ಲಿ ಬಹುತೇಕ ಬರಿದು. ಜೋಡಿ ಫ್ಲಾಪ್‌ನ ಮೂಲ ಗುಣವೇ ಇದು.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಒಂದೇ ಅಂಕಿಯ ಎರಡು ಎಲೆಗಳು ಬೇರೆ ಬೇರೆ ಗುರುತಿನವೇ ಆಗಿರುತ್ತವೆ. ಹಾಗಾಗಿ ಜೋಡಿ ಬಿದ್ದ ಫ್ಲಾಪ್‌ನಲ್ಲಿ ಮೂರೂ ಎಲೆ ಒಂದೇ ಗುರುತಿನವಾಗಿರಲು ಸಾಧ್ಯವೇ ಇಲ್ಲ. ಐದೂ ಎಲೆ ಒಂದೇ ಗುರುತಿನವಾಗುವ ಫ್ಲಶ್ ಫ್ಲಾಪ್ ಹಂತದಲ್ಲೇ ಯಾರಿಗೂ ದಕ್ಕಿರುವುದಿಲ್ಲ.

ಸಣ್ಣ ಪಣದ ದೊಡ್ಡ ಕೆಲಸ

ಎದುರಾಳಿಯ ಕೈ ಬಹುಪಾಲು ಬರಿದಾಗಿರುವುದರಿಂದಲೇ ಇಂಥ ಫ್ಲಾಪ್‌ಗಳಲ್ಲಿ ಸಣ್ಣ ಪಣ ಪರಿಣಾಮಕಾರಿ ಅಸ್ತ್ರವಾಗುತ್ತದೆ. ಪಾಟ್‌ನಲ್ಲಿ 600 ಚಿಪ್ ಇದ್ದು, ನಾವು ಅದರ ಮೂರನೆಯ ಒಂದು ಭಾಗ, ಅಂದರೆ 200 ಚಿಪ್ ಪಣ ಕಟ್ಟಿದೆವು ಎಂದಿಟ್ಟುಕೊಳ್ಳೋಣ. ನಾಲ್ಕು ಬಾರಿಗೆ ಒಮ್ಮೆ ಎದುರಾಳಿ ಹಿಂದೆ ಸರಿದರೂ ನಮಗೆ ನಷ್ಟವಿಲ್ಲ. ಒಮ್ಮೆ 600 ಗೆಲ್ಲುತ್ತೇವೆ, ಮೂರು ಬಾರಿ 200ರಂತೆ 600 ಕಳೆಯುತ್ತೇವೆ, ಲೆಕ್ಕ ಸರಿಹೋಗುತ್ತದೆ. ಪಾಟ್‌ನ ಅರ್ಧದಷ್ಟು ಪಣಕ್ಕೆ ಮೂರರಲ್ಲಿ ಒಮ್ಮೆ, ಪೂರ್ತಿ ಪಾಟ್‌ನಷ್ಟು ಪಣಕ್ಕೆ ಎರಡರಲ್ಲಿ ಒಮ್ಮೆ ಎದುರಾಳಿ ಸರಿಯಬೇಕಾಗುತ್ತದೆ.

ಎರಡು ರಾಜ, ಒಂದು ಏಳರ ಫ್ಲಾಪ್‌ನಲ್ಲಿ ರಾಜ, ಏಳು ಅಥವಾ ಕೈಯಲ್ಲೇ ಇನ್ನಾವುದಾದರೂ ಜೋಡಿ ಇರುವ ಕೈಗಳೆಲ್ಲ ಸೇರಿದರೂ ಶೇ 26ರ ಸಮೀಪ ಮಾತ್ರ. ಉಳಿದ ಕೈಗಳಿಂದ ಆಟ ಮುಂದುವರಿಸುವುದು ಎದುರಾಳಿಗೆ ಕಷ್ಟ. ಯಾರೂ ಸಿಕ್ಕ ಸಿಕ್ಕ ಎರಡೆಲೆ ಹಿಡಿದು ಫ್ಲಾಪ್‌ವರೆಗೆ ಬರುವುದಿಲ್ಲ ಎಂಬುದು ನಿಜ. ಅನುಭವಿಗಳು ಎಕ್ಕ ಹಿಡಿದೂ ಸರಿಗಟ್ಟುತ್ತಾರೆ. ಆದರೂ ಫ್ಲಾಪ್‌ಗೆ ಮುನ್ನ ಪಣ ಏರಿಸಿದವನು ಇಂಥ ಕಡೆ ಸಣ್ಣ ಮೊತ್ತದಿಂದ ಪದೇ ಪದೇ ಪಣ ಕಟ್ಟುವುದು ಇಂದಿನ ಪೋಕರ್‌ನಲ್ಲಿ ರೂಢಿಗತವಾಗಿರುವುದಕ್ಕೆ ಈ ಲೆಕ್ಕವೇ ಆಧಾರ. ದೊಡ್ಡ ಪಣದಿಂದ ಸಾಧಿಸುವುದನ್ನು ಸಣ್ಣ ಪಣವೇ ಸಾಧಿಸುವಾಗ ಹೆಚ್ಚಿನ ಹಣವನ್ನು ಅಪಾಯಕ್ಕೊಡ್ಡುವುದು ಜಾಣತನವಲ್ಲ.

ಈ ಸೂತ್ರಕ್ಕೆ ಮಿತಿಯೂ ಇದೆ. ಎದುರಾಳಿಗಳು ಹೆಚ್ಚಿದಷ್ಟೂ ಲೆಕ್ಕ ತಲೆಕೆಳಗಾಗುತ್ತದೆ. ಮೂವರು ಎದುರಾಳಿಗಳಿದ್ದರೆ ಅವರಲ್ಲಿ ಒಬ್ಬರ ಬಳಿಯಾದರೂ ರಾಜ ಇರುವ ಸಾಧ್ಯತೆ ಶೇ 24, ಐವರಿದ್ದರೆ ಶೇ 38. ಒಬ್ಬ ಎದುರಾಳಿ ನಾಲ್ಕರಲ್ಲಿ ಮೂರು ಬಾರಿ ಹಿಂದೆ ಸರಿಯುವವನೆಂದುಕೊಂಡರೂ, ಅಂಥ ಮೂವರು ಒಟ್ಟಿಗೆ ಸರಿಯುವುದು ಶೇ 42ರಷ್ಟು ಸಲ ಮಾತ್ರ. ಇಬ್ಬರ ನಡುವಿನ ಆಟದಲ್ಲಿ ಸರಿಯೆನಿಸುವ ಹುಸಿ ಪಣ, ತುಂಬಿದ ಮೇಜಿನಲ್ಲಿ ಹುಂಬತನವಾಗುತ್ತದೆ.

ಯಾರ ಫ್ಲಾಪ್?

ಎಲ್ಲ ಜೋಡಿಗಳೂ ಒಂದೇ ಅಲ್ಲ. ಫ್ಲಾಪ್‌ಗೆ ಮುನ್ನ ಪಣ ಏರಿಸುವವರ ಬಳಿ ಸಾಮಾನ್ಯವಾಗಿ ಎಕ್ಕ, ರಾಜ, ರಾಣಿಯಂಥ ದೊಡ್ಡ ಎಲೆಗಳು ಅಥವಾ ದೊಡ್ಡ ಜೋಡಿಗಳಿರುತ್ತವೆ. ಹಾಗಾಗಿ ಎರಡು ರಾಜ ಅಥವಾ ಎರಡು ಎಕ್ಕ ಬಿದ್ದ ಫ್ಲಾಪ್ ಪಣ ಏರಿಸಿದವನ ಪರವಾಗಿರುತ್ತದೆ. ಅವನು ಪಣ ಕಟ್ಟಿದರೆ ನಂಬಲು ಕಾರಣವಿದೆ.

ಎರಡು ಏಳು, ಒಂದು ಆರು ಬಿದ್ದರೆ ಚಿತ್ರ ಬದಲಾಗುತ್ತದೆ. ಬಿಗ್ ಬ್ಲೈಂಡ್ ಸ್ಥಾನದಲ್ಲಿರುವ ಆಟಗಾರ ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಒಂದಿಷ್ಟು ಮೊತ್ತ ಹಾಕಿರುತ್ತಾನೆ. ಇನ್ನು ಸ್ವಲ್ಪವೇ ಸೇರಿಸಿ ಫ್ಲಾಪ್ ನೋಡುವ ಅವಕಾಶ ಅವನಿಗಿರುವುದರಿಂದ ಎಂಟು-ಏಳು, ಏಳು-ಆರು, ಏಳು-ಐದರಂಥ ಮಧ್ಯಮ ಎಲೆಗಳನ್ನೂ ಉಳಿಸಿಕೊಂಡಿರುತ್ತಾನೆ. ಇಲ್ಲಿ ಮೂರು ಏಳು ಇರುವ ಸಂಭವ ಅವನ ಕಡೆಗೇ ಹೆಚ್ಚು. ಜೊತೆಗೆ ಸಾಲಾಗಿ ಐದು ಅಂಕಿಗಳು ಕೂಡುವ ಸ್ಟ್ರೈಟ್‌ನ ಸಾಧ್ಯತೆಗಳೂ ಅವನಿಗೆ ಅಧಿಕ. ಅವನು ನಮ್ಮ ಪಣವನ್ನು ಏರಿಸಿದರೆ ಅದನ್ನು ಹಗುರವಾಗಿ ಪರಿಗಣಿಸುವಂತಿಲ್ಲ.

ಎದುರಾಳಿ ಹೇಳುತ್ತಿರುವ ಕಥೆ ನಂಬಲರ್ಹವೇ ಎಂದು ಪ್ರತಿ ಹಂತದಲ್ಲೂ ಕೇಳಿಕೊಳ್ಳುವುದು ಉತ್ತಮ ಆಟಗಾರನ ಲಕ್ಷಣ. ಗುಲಾಮ ಮತ್ತು ಎರಡು ನಾಲ್ಕು ಬಿದ್ದ ಫ್ಲಾಪ್‌ನಲ್ಲಿ, ಎಲ್ಲರಿಗಿಂತ ಮೊದಲು ಪಣ ಏರಿಸಿದ್ದ ಆಟಗಾರ ತನ್ನ ಬಳಿ ನಾಲ್ಕು ಇದೆಯೆಂಬಂತೆ ವರ್ತಿಸಿದರೆ ಸಂಶಯಪಡಬೇಕು. ನಾಲ್ಕನ್ನು ಹಿಡಿದು ಅಂಥ ಸ್ಥಾನದಿಂದ ಪಣ ಏರಿಸುವವರು ಕಡಿಮೆ. ಅದೇ ವರ್ತನೆ ಬಿಗ್ ಬ್ಲೈಂಡ್‌ನಿಂದ ಬಂದರೆ ಎಚ್ಚರ ಅಗತ್ಯ.

ಕೈಯಲ್ಲಿನ ಸಣ್ಣ ಜೋಡಿ ಎಂಬ ಮರೀಚಿಕೆ

ಜೋಡಿ ಫ್ಲಾಪ್‌ನಲ್ಲಿ ಅತಿ ಹೆಚ್ಚು ತಪ್ಪು ನಡೆಯುವುದು ಸಣ್ಣ ಜೋಡಿ ಹಿಡಿದವರಿಂದ. ನಮ್ಮ ಕೈಯಲ್ಲಿ ಎರಡು ಐದು, ಮೇಜಿನ ಮೇಲೆ ಎರಡು ರಾಜ ಮತ್ತು ಒಂಬತ್ತು ಇವೆ. ಸದ್ಯಕ್ಕೆ ನಮ್ಮದು ರಾಜ ಮತ್ತು ಐದರ ಎರಡು ಜೋಡಿ. ಎಕ್ಕ-ರಾಣಿ ಹಿಡಿದವನಿಗಿಂತ ನಾವು ಮುಂದಿದ್ದೇವೆ.

ಆದರೆ ಮುಂದಿನ ಎಲೆ ಮತ್ತೊಂದು ಒಂಬತ್ತಾದರೆ? ಮೇಜಿನ ಮೇಲೆಯೇ ರಾಜ ಮತ್ತು ಒಂಬತ್ತರ ಎರಡು ಜೋಡಿ ಸಿದ್ಧವಾಗುತ್ತದೆ. ಲೆಕ್ಕಕ್ಕೆ ಬರುವುದು ಐದೇ ಎಲೆಗಳಾದ್ದರಿಂದ ನಮ್ಮ ಐದರ ಜೋಡಿ ನಿರುಪಯುಕ್ತ; ಒಂದು ಐದು ಮಾತ್ರ ಐದನೆಯ ಎಲೆಯಾಗಿ ಉಳಿಯುತ್ತದೆ. ಎಕ್ಕ ಹಿಡಿದವನು ಏನೂ ಮಾಡದೆಯೇ ನಮ್ಮನ್ನು ಹಿಂದಿಕ್ಕುತ್ತಾನೆ. ಟರ್ನ್ ಮತ್ತು ರಿವರ್‌ನಲ್ಲಿ ಐದಕ್ಕಿಂತ ದೊಡ್ಡ ಜೋಡಿಯೊಂದು ಬಂದರೂ ಇದೇ ಗತಿ. ಹಾಗಾಗಿ ಇಂಥ ಕೈಯಿಂದ ಒಂದು ಸಣ್ಣ ಪಣ ಸರಿಗಟ್ಟುವುದು ಸಮಂಜಸವಾದರೂ, ಮೂರು ಸುತ್ತಿನ ದೊಡ್ಡ ಪಣಗಳನ್ನು ಭರಿಸುವುದು ನಷ್ಟದ ದಾರಿ.

ಎರಡು ಎಂಟು ಮತ್ತು ಮೂರು ಬಿದ್ದ ಫ್ಲಾಪ್‌ನಲ್ಲಿ ಗುಲಾಮನ ಜೋಡಿ ಹಿಡಿದವನ ಸ್ಥಿತಿ ಇದಕ್ಕಿಂತ ಎಷ್ಟೋ ಉತ್ತಮ. ಅವನ ಜೋಡಿ ಮೇಜಿನ ಎಲೆಗಳಿಗಿಂತ ದೊಡ್ಡದು. ಎಕ್ಕ, ರಾಜ, ರಾಣಿ ಹಿಡಿದು ಕಾಯುತ್ತಿರುವವರಿಗೆ ಪುಕ್ಕಟೆಯಾಗಿ ಮುಂದಿನ ಎಲೆ ನೋಡಲು ಬಿಡದೆ ಅವನು ಪಣ ಕಟ್ಟಬೇಕು.

ಮೂರು ಒಂದೇ ಅಂಕಿ ಕೂಡಿದಾಗ

ನಮಗೇ ಮೂರನೆಯ ರಾಜ ಸಿಕ್ಕಿದರೆ ಏನು ಮಾಡಬೇಕು? ಸುಮ್ಮನಿದ್ದು ಎದುರಾಳಿಯನ್ನು ಬಲೆಗೆ ಬೀಳಿಸುವುದು ಹಳೆಯ ಕಾಲದ ಸಲಹೆ. ಇದರಲ್ಲಿ ಎರಡು ತೊಂದರೆಗಳಿವೆ. ಫ್ಲಾಪ್‌ನಲ್ಲಿ ಪಣ ಕಟ್ಟದಿದ್ದರೆ ಪಾಟ್ ಬೆಳೆಯುವುದಿಲ್ಲ. ಕೊನೆಯಲ್ಲಿ ಗೆದ್ದರೂ ಗಳಿಕೆ ಅಲ್ಪ. ಎರಡನೆಯದಾಗಿ, ಬಲವಾದ ಕೈ ಇದ್ದಾಗ ಸುಮ್ಮನಿದ್ದು ಬರಿಗೈಯಲ್ಲಿದ್ದಾಗ ಮಾತ್ರ ಪಣ ಕಟ್ಟುವವನನ್ನು ಎದುರಾಳಿಗಳು ಬೇಗ ಓದಿಬಿಡುತ್ತಾರೆ. ಬರಿಗೈಯಲ್ಲಿ ಎಷ್ಟು ಪಣ ಕಟ್ಟುತ್ತೇವೆಯೋ ಮೂರು ರಾಜ ಇದ್ದಾಗಲೂ ಅಷ್ಟೇ ಕಟ್ಟುವುದು ಹೆಚ್ಚು ಸುರಕ್ಷಿತ.

ಎಕ್ಕ-ರಾಜ ಹಿಡಿದವನು ರಾಜ-ರಾಜ-ಏಳರ ಫ್ಲಾಪ್ ನಂತರ ರಿವರ್‌ನೊಳಗೆ ಫುಲ್ ಹೌಸ್ ಅಥವಾ ಅದಕ್ಕಿಂತ ಉತ್ತಮ ಕೈ ಪಡೆಯುವ ಸಾಧ್ಯತೆ ಶೇ 33. ಮೂರು ಒಂದು ಅಂಕಿಯವು, ಎರಡು ಇನ್ನೊಂದು ಅಂಕಿಯವು ಸೇರಿದರೆ ಫುಲ್ ಹೌಸ್. ಮೂರರಲ್ಲಿ ಒಮ್ಮೆ ಎಂಬುದು ಸಣ್ಣ ಪ್ರಮಾಣವಲ್ಲ. ಈ ಕಾರಣದಿಂದಲೇ ಇಂಥ ಫ್ಲಾಪ್‌ನಲ್ಲಿ ಫ್ಲಶ್‌ಗಾಗಿ ಕಾಯುವವನು ಎಚ್ಚರದಿಂದಿರಬೇಕು. ಕೈಯ ಎರಡು ಮತ್ತು ಮೇಜಿನ ಎರಡು ಎಲೆ ಒಂದೇ ಗುರುತಿನವಾಗಿದ್ದಾಗ ಫ್ಲಶ್ ಕೂಡುವ ಸಾಧ್ಯತೆ ಶೇ 35. ಆದರೆ ಕೂಡಿದರೂ ಫುಲ್ ಹೌಸ್ ಎದುರು ಅದು ಸೋಲುತ್ತದೆ. ಎದುರಾಳಿಗೆ ಫ್ಲಾಪ್‌ನಲ್ಲೇ ಫುಲ್ ಹೌಸ್ ಸಿಕ್ಕಿದ್ದರೆ, ಫ್ಲಶ್‌ಗೆಂದು ಹಾಕಿದ ಪ್ರತಿ ಚಿಪ್ಪೂ ನೀರಿನಲ್ಲಿ ಮಾಡಿದ ಹೋಮ.

ಮೂರು ರಾಜ ಇಬ್ಬರ ಬಳಿಯೂ ಕೂಡಿದಾಗ ಪಕ್ಕದ ಎಲೆ, ಅಂದರೆ ಕಿಕ್ಕರ್, ನಿರ್ಣಾಯಕ. ರಾಜ-ಹತ್ತು ಹಿಡಿದವನು ರಾಜ-ಎಕ್ಕ ಹಿಡಿದವನೆದುರು ಹಿಂದೆಯೇ ಇರುತ್ತಾನೆ. ಆದರೆ ಮೇಜಿನ ಮೇಲೆ ರಾಜ, ರಾಜ, ಒಂಬತ್ತು, ಎಂಟು, ಎರಡು ಇದ್ದರೆ ರಾಜ-ಐದು ಮತ್ತು ರಾಜ-ನಾಲ್ಕು ಹಿಡಿದ ಇಬ್ಬರಿಗೂ ಒಂಬತ್ತು ಮತ್ತು ಎಂಟೇ ಪಕ್ಕದ ಎಲೆಗಳಾಗುತ್ತವೆ. ಪಾಟ್ ಸಮನಾಗಿ ಹಂಚಿಹೋಗುತ್ತದೆ.

2003ರ ಒಂದು ಪ್ರಸಿದ್ಧ ಕೈ

ಲೆಕ್ಕವೆಲ್ಲ ಸರಿಯಿದ್ದರೂ ಅದೃಷ್ಟಕ್ಕೆ ಎಷ್ಟು ಪಾಲಿದೆ ಎಂಬುದಕ್ಕೆ ಲಾಸ್ ವೇಗಸ್‌ನಲ್ಲಿ 2003ರಲ್ಲಿ ನಡೆದ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯ ಸಾಕ್ಷಿ. ಟೆನೆಸ್ಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ ಅಂತರಜಾಲದ ಅರ್ಹತಾ ಪಂದ್ಯದ ಮೂಲಕ ಅಲ್ಲಿಗೆ ಬಂದಿದ್ದ ಹವ್ಯಾಸಿ. ಹತ್ತು ಮಂದಿ ಉಳಿದಿದ್ದಾಗ ಅವರಿಗೆ ಎದುರಾದವರು ಹೆಸರಾಂತ ವೃತ್ತಿಪರ ಫಿಲ್ ಐವಿ.

ಮನಿಮೇಕರ್ ಬಳಿ ಎಕ್ಕ-ರಾಣಿ, ಐವಿ ಬಳಿ ಒಂಬತ್ತರ ಜೋಡಿ. ಫ್ಲಾಪ್‌ನಲ್ಲಿ ಬಿದ್ದದ್ದು ಎರಡು ರಾಣಿ ಮತ್ತು ಒಂದು ಆರು. ಮನಿಮೇಕರ್‌ಗೆ ಮೂರು ರಾಣಿ ಕೂಡಿತು. ಟರ್ನ್‌ನಲ್ಲಿ ಒಂಬತ್ತು ಬಂದು ಐವಿಗೆ ಫುಲ್ ಹೌಸ್ ದೊರೆಯಿತು. ಅವರು ತಮ್ಮೆಲ್ಲ ಚಿಪ್‌ಗಳನ್ನು ಮುಂದಿಟ್ಟರು. ಆ ಕ್ಷಣದಲ್ಲಿ ಮನಿಮೇಕರ್ ಅವರನ್ನು ಪಾರುಮಾಡಬಲ್ಲ ಎಲೆಗಳು ಮೂರು ಎಕ್ಕ, ಮೂರು ಆರು ಮತ್ತು ಉಳಿದ ಒಂದು ರಾಣಿ. 44ರಲ್ಲಿ ಏಳು, ಅಂದರೆ ಶೇ 16. ರಿವರ್‌ನಲ್ಲಿ ಬಂದದ್ದು ಎಕ್ಕ. ಇನ್ನೂ ದೊಡ್ಡ ಫುಲ್ ಹೌಸ್ ಕೂಡಿ ಐವಿ ಹತ್ತನೆಯ ಸ್ಥಾನಕ್ಕೆ ನಿರ್ಗಮಿಸಿದರು. ಮನಿಮೇಕರ್ 25 ಲಕ್ಷ ಡಾಲರ್ ಬಹುಮಾನ ಗೆದ್ದರು. ಆ ವರ್ಷ 839 ಮಂದಿ ಸ್ಪರ್ಧಿಸಿದ್ದ ಪಂದ್ಯಕ್ಕೆ 2006ರಲ್ಲಿ 8,773 ಮಂದಿ ಬಂದರು.

ಆ ಕೈಯಲ್ಲಿ ಇಬ್ಬರ ನಿರ್ಧಾರಗಳೂ ಸಮರ್ಥನೀಯವೇ ಆಗಿದ್ದವು. ಫಲಿತಾಂಶವನ್ನು ತೀರ್ಮಾನಿಸಿದ್ದು ಎಲೆ. ಒಂದು ಕೈಯ ಫಲಿತಾಂಶದಿಂದ ನಿರ್ಧಾರದ ಗುಣವನ್ನು ಅಳೆಯಬಾರದು ಎನ್ನುವುದು ಇದಕ್ಕಾಗಿಯೇ.

ಯಂತ್ರ ಕಲಿಸಿದ ಪಾಠ

ದೀರ್ಘಾವಧಿಯ ಚಿತ್ರ ಬೇರೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಟುವೊಮಾಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ರೂಪಿಸಿದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಾಲ್ವರು ವೃತ್ತಿಪರರ ವಿರುದ್ಧ 1,20,000 ಕೈಗಳನ್ನಾಡಿ, 17 ಲಕ್ಷ ಡಾಲರ್‌ಗೂ ಅಧಿಕ ಮೌಲ್ಯದ ಚಿಪ್‌ಗಳ ಅಂತರದಿಂದ ಜಯಗಳಿಸಿತು. ಕೈಗಳ ಸಂಖ್ಯೆ ಅಷ್ಟು ದೊಡ್ಡದಾದಾಗ ಎಲೆಗಳ ಅದೃಷ್ಟ ಎರಡೂ ಕಡೆ ಬಹುಮಟ್ಟಿಗೆ ಸಮನಾಗುತ್ತದೆ. ನಿರ್ಧಾರಗಳ ವ್ಯತ್ಯಾಸವೇ ಎದ್ದು ಕಾಣುತ್ತದೆ.

ಇಂಥ ಸಂಶೋಧನೆಗಳಿಂದ ದೊರೆತ ಮುಖ್ಯ ಪಾಠ ಸಮತೋಲನ. ರಿವರ್‌ನಲ್ಲಿ ಪೂರ್ತಿ ಪಾಟ್‌ನಷ್ಟು ಪಣ ಕಟ್ಟುವಾಗ ಮೂರರಲ್ಲಿ ಒಂದು ಹುಸಿಯಾಗಿರಬಹುದು. ಪಾಟ್‌ನ ಮೂರನೆಯ ಒಂದು ಭಾಗ ಕಟ್ಟುವಾಗ ಐದರಲ್ಲಿ ಒಂದು. ಇದಕ್ಕಿಂತ ಹೆಚ್ಚು ಹುಸಿ ಪಣ ಕಟ್ಟಿದರೆ ಎದುರಾಳಿ ಸರಿಗಟ್ಟಿ ಲಾಭ ಪಡೆಯುತ್ತಾನೆ, ಕಡಿಮೆ ಕಟ್ಟಿದರೆ ಸುಮ್ಮನೆ ಎಲೆ ಕೆಳಗಿಡುತ್ತಾನೆ.

ಕಾನೂನಿನ ಕಣ್ಣಿನಲ್ಲಿ

ಈ ಕೌಶಲದ ವಾದವೇ ಕರ್ನಾಟಕದ ನ್ಯಾಯಾಲಯದಲ್ಲೂ ಪ್ರತಿಧ್ವನಿಸಿತು. ಪೋಕರ್ ಅನ್ನು ಕೌಶಲದ ಆಟವಾಗಿ ಆಡಿದಲ್ಲಿ ಪರವಾನಗಿಯ ಅಗತ್ಯವಿಲ್ಲವೆಂದು ರಾಜ್ಯ ಹೈಕೋರ್ಟ್ 2013ರಲ್ಲಿ ಇಂಡಿಯನ್ ಪೋಕರ್ ಅಸೋಸಿಯೇಷನ್ ಪ್ರಕರಣದಲ್ಲಿ ಹೇಳಿತು. ಆನ್‌ಲೈನ್ ಪಣದಾಟವನ್ನು ನಿಷೇಧಿಸಲು 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಮುಖ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು.

ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲ-ಅದೃಷ್ಟದ ಭೇದವನ್ನೇ ಬದಿಗಿರಿಸಿತು. ಹಣ ಕಟ್ಟಿ ಹಣ ಗೆಲ್ಲುವ ನಿರೀಕ್ಷೆಯಿರುವ ಆನ್‌ಲೈನ್ ಆಟ ಯಾವುದೇ ಇರಲಿ, ಅದನ್ನು ಒದಗಿಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ ಹಾಗೂ ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದು ಅವಕಾಶ ಕಲ್ಪಿಸಿದೆ. ಆಡುವವರನ್ನು ಅಪರಾಧಿಗಳೆಂದು ಪರಿಗಣಿಸದೆ ಒದಗಿಸುವವರ ಮೇಲೆ ಕಣ್ಣಿಟ್ಟಿರುವುದು ಈ ಕಾಯ್ದೆಯ ವಿಶೇಷ.

ಶಾಸನ ರಚಿಸಿದವರ ಕಳವಳ ಆಧಾರರಹಿತವಲ್ಲ. ಪೋಕರ್‌ನಲ್ಲಿ ಕೌಶಲವಿದೆ ಎಂಬುದು ಸತ್ಯ. ಆದರೆ ಕೌಶಲದ ಆಟದಲ್ಲಿ ಕಡಿಮೆ ಕೌಶಲದವನು ಸೋಲುತ್ತಾನೆ ಎಂಬುದೂ ಅಷ್ಟೇ ಸತ್ಯ. ಇದರ ಮೇಲೆ ಪ್ರತಿ ಪಾಟ್‌ನಿಂದ ಆಟ ನಡೆಸುವವರು ತಮ್ಮ ಪಾಲು ಕಡಿದುಕೊಂಡರೆ, ಮೇಜಿನ ಸುತ್ತ ಕುಳಿತವರ ಒಟ್ಟು ಹಣ ಕರಗುತ್ತಲೇ ಹೋಗುತ್ತದೆ. ಅಪರೂಪದ ಕೆಲವರ ಗೆಲುವನ್ನು ಉಳಿದ ಬಹುಮಂದಿಯ ಸೋಲೇ ಭರಿಸಬೇಕು. ಕೌಶಲ ಎಂಬ ಪದ ಜಾಹೀರಾತಿನಲ್ಲಿ ಕಂಡಾಗ ಅದು ಯಾರ ಕೌಶಲ ಎಂದು ಕೇಳಿಕೊಳ್ಳುವುದು ಒಳಿತು.

ಹಣದ ಹಂಗಿಲ್ಲದೆ, ಬರಿಯ ಚಿಪ್‌ಗಳಿಟ್ಟು ಮನೆಯಲ್ಲಿ ಆಡುವವರಿಗೆ ಜೋಡಿ ಫ್ಲಾಪ್ ಸಂಭವನೀಯತೆಯ ಒಂದು ಸೊಗಸಾದ ಪಾಠ. ಕಣ್ಣಿಗೆ ಭಯ ಹುಟ್ಟಿಸುವುದು ಬಹಳ ಬಾರಿ ಸಂಭವಿಸುವುದಿಲ್ಲ. ಕೈಯಲ್ಲಿ ಭದ್ರವಾಗಿದೆಯೆಂದು ತೋರುವುದು ಒಂದೇ ಎಲೆಗೆ ಬೆಲೆಯಿಲ್ಲದಂತಾಗುತ್ತದೆ. ಶೇ 8.4 ಎಂಬ ಅಂಕಿಯನ್ನು ನೆನಪಿಟ್ಟುಕೊಂಡವನು ಎರಡು ರಾಜರನ್ನು ನೋಡಿ ಬೆದರುವುದಿಲ್ಲ, ಹಾಗೆಂದು ಐವರ ನಡುವೆ ಕುಳಿತು ಮೈಮರೆಯುವುದೂ ಇಲ್ಲ.